ಒಲೆಗೆ ಬಾಯಿಯೂ ಬೇಕು, ಮೂಗೂ ಬೇಕು: ಚಳಿಗಾಲಕ್ಕೆ ಹಂಡೆ ಒಲೆ, ಗ್ಯಾಸ್ ಗೀಸರ್ ಅಣಿಮಾಡುವ ಬಗೆ

ಹನುಮಂತನಗರದ ನಮ್ಮ ಮನೆಯಲ್ಲಿ ಸ್ನಾನದ ನೀರು ಎರಡು ಬೆಂಕಿಗಳಲ್ಲಿ ಕಾಯುತ್ತದೆ. ಹಿತ್ತಲ ಬಚ್ಚಲುಮನೆಯಲ್ಲಿ ಅತ್ತೆಯವರ ಕಾಲದ ತಾಮ್ರದ ಹಂಡೆ ಇದೆ; ಸೌದೆ ಒಲೆಯ ಮೇಲೆ ಕುತ್ತಿಗೆಯವರೆಗೆ ಗಾರೆಯಲ್ಲಿ ಹುದುಗಿ ಕೂತಿದೆ. ಮಹಡಿಯ ಬಾಡಿಗೆ ಮನೆಗೆ ಗ್ಯಾಸ್ ಗೀಸರ್. ಹಂಡೆಯ ಉಸ್ತುವಾರಿ ನನ್ನ ಪಾಲಿಗೆ ಬಂದು 31 ವರ್ಷವಾಯಿತು, ಗೀಸರಿನದು 12 ವರ್ಷ.

ಬೆಂಗಳೂರಿನ ಚಳಿಗೆ ಇಷ್ಟೆಲ್ಲ ಸಿದ್ಧತೆ ಏಕೆ ಎಂದು ಕೇಳುವವರಿದ್ದಾರೆ. 1884ರ ಜನವರಿ 13ರಂದು ಈ ಊರಿನ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು. ಈಗ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ. ಅಷ್ಟಾದರೂ ರಾತ್ರಿಯಿಡೀ ತಾರಸಿಯ ತೊಟ್ಟಿಯಲ್ಲಿ ನಿಂತ ನೀರನ್ನು ಧನುರ್ಮಾಸದ ಐದು ಗಂಟೆಗೆ ಮೈಮೇಲೆ ಸುರಿದುಕೊಂಡವರಿಗೆ ಗೊತ್ತು, ಬಿಸಿನೀರು ಎಂಥ ಸುಖವೆಂದು. ಚಳಿ ಬಂದೊಡನೆ ನಾವು ಮಾಡುವ ಇನ್ನೊಂದು ಕೆಲಸ ಕಿಟಕಿ ಮುಚ್ಚುವುದು. ಬೆಂಕಿ ಹೆಚ್ಚು ಹೊತ್ತು ಉರಿಯುವ ತಿಂಗಳುಗಳಲ್ಲಿಯೇ ಮನೆಯೊಳಗೆ ಗಾಳಿ ಕಡಿಮೆಯಾಗುತ್ತದೆ. ನಾನು ಇಲ್ಲಿ ಹೇಳುವ ಕೆಲಸಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ಇವೆ.

ನಾನು ಮದುವೆಯಾಗಿ ಬಂದ ವರ್ಷ ಅತ್ತೆಯವರು ಒಲೆಯ ಮುಂದೆ ಕೂರಿಸಿಕೊಂಡು ಹೇಳಿದ್ದರು: "ನೋಡಮ್ಮ, ಒಲೆಯೂ ಉಸಿರಾಡುತ್ತದೆ. ಅದಕ್ಕೆ ಬಾಯಿಯೂ ಬೇಕು, ಮೂಗೂ ಬೇಕು. ಎರಡರಲ್ಲಿ ಒಂದನ್ನು ಮುಚ್ಚಿದರೂ ಅದು ನಿನ್ನ ಉಸಿರನ್ನು ಕೇಳುತ್ತದೆ." ಸೌದೆಗೂ ಗಾಳಿಗೂ ಬಾಯಿ, ಹೊಗೆಗೆ ಮೂಗು. ಗೀಸರಿಗೂ ಇದೇ ಮಾತು ಅನ್ವಯಿಸುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಮೂಗಿನಿಂದ ಶುರು

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಎರಡು ವಾರ ಇರುವಾಗ, ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದ ಮೇಲೆ, ಮೊದಲು ಹೊಗೆ ಕೊಳವೆಯನ್ನು ನೋಡುತ್ತೇವೆ. ಮೂರು ವರ್ಷದ ಹಿಂದೆ ನನ್ನ ಯಜಮಾನರು ತಾರಸಿ ಹತ್ತಿ ಕೊಳವೆಯ ಟೊಪ್ಪಿಗೆ ಬಿಚ್ಚಿದರೆ, ಒಂದು ಮೊಳ ಕೆಳಗೆ ಅಳಿಲಿನ ಗೂಡು. ತೆಂಗಿನ ನಾರು, ಹಳೆಯ ಕಂಬಳಿಯ ಎಳೆಗಳು, ನಡುವೆ ನಾನು ದೇವರ ಬತ್ತಿಗೆಂದು ಬಿಸಿಲಿಗೆ ಇಟ್ಟಿದ್ದ ಹತ್ತಿ. ಆ ಹತ್ತಿಯ ಮೇಲೆ ಕಣ್ಣು ಬಿಡದ ಮೂರು ಮರಿಗಳು ಒಂದರ ಮೇಲೊಂದು ಮಲಗಿದ್ದವು. ನೋಡದೆ ಬೆಂಕಿ ಹಚ್ಚಿದ್ದರೆ ಮರಿಗಳೂ ಸುಡುತ್ತಿದ್ದವು, ಹೊಗೆಯೆಲ್ಲ ಬಚ್ಚಲುಮನೆಗೆ ತಿರುಗುತ್ತಿತ್ತು. ಟೊಪ್ಪಿಗೆಯನ್ನು ಹಾಗೆಯೇ ಮುಚ್ಚಿದೆವು. ಮರಿಗಳು ಬೆಳೆದು ಗೂಡು ಬಿಡುವವರೆಗೆ ಆ ವರ್ಷ ಒಲೆ ಹಚ್ಚಲಿಲ್ಲ; ಹಬ್ಬದ ಎಣ್ಣೆಸ್ನಾನಕ್ಕೂ ಅಡುಗೆಮನೆಯಲ್ಲಿ ನೀರು ಕಾಯಿಸಿಕೊಂಡೆವು. ಆಮೇಲೆ ಟೊಪ್ಪಿಗೆಯ ಸುತ್ತ ಅರ್ಧ ಅಂಗುಲದ ತಂತಿ ಬಲೆ ಸುತ್ತಿಸಿದ್ದೇನೆ. ಬಲೆಯ ಕಣ್ಣುಗಳಲ್ಲಿ ಮಸಿ ಕಟ್ಟಿಕೊಳ್ಳುವುದರಿಂದ ತಿಂಗಳಿಗೊಮ್ಮೆ ಬಲೆಯನ್ನು ತಟ್ಟಿ ಉದುರಿಸಬೇಕು.

ಕೊಳವೆ ಉಜ್ಜಲು ಅಂಗಡಿಯ ಬ್ರಷ್ ಬೇಕೆಂದೇನೂ ಇಲ್ಲ. ಉದ್ದನೆಯ ನಾರಿನ ಹಗ್ಗದ ನಡುವೆ ಗೋಣಿಚೀಲದ ಬಿಗಿಯಾದ ಉಂಡೆ ಕಟ್ಟಿ, ಕೆಳತುದಿಗೆ ತೂಕಕ್ಕೊಂದು ಕಬ್ಬಿಣದ ತುಂಡು ಕಟ್ಟುತ್ತೇವೆ. ಒಬ್ಬರು ತಾರಸಿಯಲ್ಲಿ, ಒಬ್ಬರು ಕೆಳಗೆ ಮಸಿ ತೆಗೆಯುವ ಕಿಂಡಿಯ ಹತ್ತಿರ ನಿಂತು ಬಾವಿಯ ಹಗ್ಗದಂತೆ ಎಳೆದಾಡುವುದು, ಅಷ್ಟೆ. ಕೆಳಗಿರುವವರು ಮೂಗು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲಿ, ಕಣ್ಣಿಗೆ ಕನ್ನಡಕ ಇರಲಿ. ಉದುರಿದ ಮಸಿಯನ್ನು ಕೈಯಲ್ಲಿ ತಿಕ್ಕಿ ನೋಡಿ. ಕಾಡಿಗೆಯ ಪುಡಿಯಂತೆ ಒಣಗಿದ್ದರೆ ಕಳೆದ ವರ್ಷ ಒಲೆ ಸರಿಯಾಗಿ ಉರಿದಿದೆ ಎಂದರ್ಥ. ಡಾಂಬರು ಬಳಿದಂತೆ ಹೊಳೆಯುವ ಚಕ್ಕೆಗಳು ಬಂದರೆ ನೀವು ಹಸಿ ಸೌದೆ ಸುಟ್ಟಿದ್ದೀರಿ. ಆ ಜಿಡ್ಡಿಗೆ ಕೊಳವೆಯೊಳಗೇ ಬೆಂಕಿ ಹಿಡಿಯುತ್ತದೆ. ಅದನ್ನು ಕೆರೆದು ತೆಗೆಯುವವರೆಗೆ ಒಲೆ ಹಚ್ಚಬಾರದು.

ಹಳೆಯ ಮನೆಗಳಲ್ಲಿರುವ ಬೂದುಬಣ್ಣದ ಕಲ್ನಾರಿನ (ಆಸ್ಬೆಸ್ಟಾಸ್) ಪೈಪಿನ ವಿಷಯದಲ್ಲಿ ಮಾತ್ರ ಈ ಹಗ್ಗದ ಉಪಾಯ ಬೇಡವೇ ಬೇಡ. ಅದನ್ನು ಉಜ್ಜಿದರೆ, ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕಂಟಕ. ಜೋರು ಕಾವಿಗೆ ಅದು ಸಿಡಿಯುವುದೂ ಉಂಟು. ನಾವು 2009ರಲ್ಲಿ ಅದನ್ನು ನೀರಿನಲ್ಲಿ ತೋಯಿಸಿ, ಒಡೆಯದಂತೆ ಇಡಿಯಾಗಿ ಇಳಿಸಿ, ಆರು ಅಂಗುಲದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಕೊಳವೆ ಹಾಕಿಸಿದೆವು. ಪಕ್ಕದಲ್ಲಿ ನಾಲ್ಕು ಮಹಡಿ ಎದ್ದ ಮೇಲೆ ಗಾಳಿ ತಿರುಗಿ ಹೊಗೆ ಒಳಗೆ ಬರತೊಡಗಿತು. ಕೊಳವೆಯನ್ನು ಇನ್ನೂ ಮೂರು ಅಡಿ ಎತ್ತರಿಸಿದ ಮೇಲೆ ಸರಿಹೋಯಿತು.

ಕೊಳವೆ ಎಳೆಯುತ್ತಿದೆಯೇ ಎಂದು ತಿಳಿಯಲು ಒಂದು ಊದುಬತ್ತಿ ಸಾಕು. ಒಲೆಯ ಬಾಯಿಯ ಹತ್ತಿರ ಹಿಡಿದರೆ ಹೊಗೆಯ ಎಳೆ ಒಳಗೆ ಬಾಗಬೇಕು. ನೇರವಾಗಿ ಎದ್ದರೆ, ನಿಮ್ಮ ಕಡೆಗೆ ತಿರುಗಿದರೆ, ಕೊಳವೆಯಲ್ಲಿ ಎಲ್ಲೋ ತಡೆಯಿದೆ. ಇಲ್ಲವೇ ಕೊಳವೆ ತಣ್ಣಗಿದೆ. ಚಳಿಗಾಲದ ಬೆಳಗ್ಗೆ ಎರಡನೆಯದೇ ಹೆಚ್ಚು. ಆಗ ಒಂದು ಹಾಳೆ ದಿನಪತ್ರಿಕೆಯನ್ನು ಸಡಿಲವಾಗಿ ಮುದುಡಿ, ಕೊಳವೆಯ ಬುಡದ ಕಿಂಡಿಯಲ್ಲಿ ಉರಿಸಿ. ಕೊಳವೆ ಬೆಚ್ಚಗಾಗಿ ಗಾಳಿ ಮೇಲೇರಿದ ಮೇಲೆ ಕಿಂಡಿ ಮುಚ್ಚಿ, ಸೌದೆ ಹಚ್ಚಿದರೆ ಬಚ್ಚಲುಮನೆಗೆ ಹೊಗೆ ಬರುವುದಿಲ್ಲ.

ಹಂಡೆ, ಒಲೆ, ಸೌದೆ

ನಮ್ಮ ಒಲೆಯನ್ನು ಮಾವನವರು 1980ರ ದಶಕದಲ್ಲಿ ಕಟ್ಟಿಸಿದ್ದು. ಆ ದಿನಗಳಲ್ಲಿ ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದ ಒಲೆ ಹಳ್ಳಿಗಳಲ್ಲಿ ಹೆಸರು ಮಾಡಿತ್ತು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ ಕೇಂದ್ರ ಅದು. ಸೌದೆಯ ಕೆಳಗೆ ಜಾಲರಿ, ಸುತ್ತ ಮುಚ್ಚಿದ ಗೂಡು, ಹಿಂದೆ ಹೊಗೆ ಕೊಳವೆ ಎಂಬ ಆ ಒಲೆಯ ಕ್ರಮವನ್ನು ನೋಡಿಕೊಂಡು ಬಂದಿದ್ದ ಮೇಸ್ತ್ರಿಯೊಬ್ಬರು ನಮ್ಮ ಬಚ್ಚಲಿಗೂ ಹಾಗೆಯೇ ಕಟ್ಟಿದರು. ಅಕ್ಕಪಕ್ಕದವರು ಒಂದು ಹೊರೆ ಉರಿಸುವ ಕಡೆ ನಮಗೆ ಅರ್ಧ ಹೊರೆ ಸಾಕಾಗುತ್ತಿತ್ತು ಎಂದು ಅತ್ತೆಯವರು ಕೊನೆಯವರೆಗೂ ಹೇಳುತ್ತಿದ್ದರು. ಈ ಒಲೆಗೆ ಗಾಳಿ ಬರುವುದು ಜಾಲರಿಯ ಕೆಳಗಿನಿಂದ; ಆದ್ದರಿಂದ ಅಲ್ಲಿನ ಬೂದಿಯನ್ನು ದಿನವೂ ತೆಗೆಯಬೇಕು. ಅಲ್ಲಿ ಬೂದಿ ತುಂಬಿದರೆ ಬಾಯಿಗೆ ಬಟ್ಟೆ ತುರುಕಿದಂತೆ. ಒಲೆ ಹೊಗೆಯಾಡುತ್ತದೆ, ಜಾಲರಿಯೂ ಬಾಗುತ್ತದೆ.

ಒಲೆಯ ಬಿರುಕುಗಳಿಗೆ ಸಿಮೆಂಟ್ ಮೆತ್ತಬೇಡಿ. ಕಾವಿಗೆ ಅದು ಹೆಂಚಿನ ಚೂರಿನಂತೆ ಎದ್ದು ಬರುತ್ತದೆ. ಕೆಮ್ಮಣ್ಣು, ಭತ್ತದ ಹೊಟ್ಟು, ಸ್ವಲ್ಪ ಸಗಣಿ ಸೇರಿಸಿ ಕಲಸಿ, ಒಂದು ರಾತ್ರಿ ನೆನೆಯಲು ಬಿಡಿ. ಹುತ್ತದ ಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಬಿರುಕನ್ನು ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ತುಂಬಿ. ಮೂರು ದಿನ ಆರಿದ ಮೇಲೆ ಮೊದಲ ದಿನ ಚಿಕ್ಕ ಉರಿ ಮಾತ್ರ ಇರಲಿ.

ಇನ್ನು ಹಂಡೆ. ಹುಣಸೆಹಣ್ಣನ್ನು ಉಪ್ಪಿನ ಜತೆ ಕಿವುಚಿ, ಕುತ್ತಿಗೆಯಿಂದ ಬಾಯಿಯವರೆಗೆ ಹಚ್ಚಿ ಹತ್ತು ನಿಮಿಷ ಬಿಡುತ್ತೇನೆ. ಕಂದು ಕಪ್ಪಾಗಿದ್ದ ತಾಮ್ರದ ಮೇಲೆ ಬೆರಳು ಹೋದಲ್ಲೆಲ್ಲ ಎಳೆಯ ಗುಲಾಬಿ ಬಣ್ಣದ ಗೆರೆ ಮೂಡುತ್ತದೆ. ಆ ಗೆರೆ ಕಂಡಾಗ ನನಗೆ ಹಬ್ಬ ಬಂದಂತೆ. ಒಳಗಿನ ಬಿಳಿಯ ಹಕ್ಕಳೆ ಕೊಳವೆಬಾವಿಯ ಗಡಸು ನೀರಿನಿಂದ ಆದದ್ದು. ಅದನ್ನು ಉಳಿ, ಸುತ್ತಿಗೆಯಿಂದ ಕೆತ್ತಬೇಡಿ. ಹುಣಸೆ ನೀರನ್ನು ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ತೆಂಗಿನ ನಾರಿಗೆ ಬಿಟ್ಟುಕೊಳ್ಳುತ್ತದೆ. ಆ ನೀರನ್ನು ಚೆಲ್ಲಿ, ಎರಡು ಬಾರಿ ತೊಳೆದು ಬಳಸಿ. ತಳದ ಮಸಿಯನ್ನು ಒಲೆಯ ಬಾಯಿಯಿಂದಲೇ ಮೊಂಡು ಸಟ್ಟುಗದಲ್ಲಿ ಕೆರೆಯಬಹುದು. ಮಸಿ ದಪ್ಪವಾದಷ್ಟೂ ನೀರು ಕಾಯುವುದು ತಡ.

ಹಂಡೆ ಮುಕ್ಕಾಲಾದರೂ ತುಂಬದೆ ಬೆಂಕಿ ಹಾಕಬಾರದು. ಬಿಸಿನೀರು ತೋಡಿಕೊಂಡ ಹಾಗೆಲ್ಲ ತಣ್ಣೀರು ಸುರಿಯುತ್ತಿರಬೇಕು; ಒಣ ಹಂಡೆ ಕಾದರೆ ಬೆಸುಗೆ ಬಿಡುತ್ತದೆ. ನಲ್ಲಿ ಇರುವ, ಮೇಲೆ ಮುಚ್ಚಿದ ತಾಮ್ರದ ಬಾಯ್ಲರ್ ಬಳಸುವವರು ಆವಿ ಹೋಗುವ ಕೊಳವೆಯನ್ನು ಪ್ರತಿ ವಾರ ನೋಡಲೇಬೇಕು. ಅದು ಕಟ್ಟಿಕೊಂಡರೆ ಆವಿಯ ಒತ್ತಡಕ್ಕೆ ಬಾಯ್ಲರ್ ಒಡೆಯುತ್ತದೆ.

ಸೌದೆಯಲ್ಲಿ ಸರ್ವೆ, ಜಾಲಿ ನಿಧಾನವಾಗಿ ಉರಿದು ಗಟ್ಟಿ ಕೆಂಡ ಕೊಡುತ್ತವೆ. ನೀಲಗಿರಿ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಮಳೆಗೆ ಬೀದಿಯಲ್ಲಿ ಬಿದ್ದ ಗುಲ್‌ಮೊಹರ್ ಕೊಂಬೆಗಳು ಹಗುರ, ಬೇಗ ಬೂದಿಯಾಗುತ್ತವೆ. ಯಾವ ಮರವೇ ಆಗಲಿ, ಒಣಗಿರುವುದೇ ಮುಖ್ಯ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ 'ಠಣ್' ಎನ್ನುತ್ತದೆ, ಹಸಿಯಾಗಿದ್ದರೆ 'ದಬ್' ಎನ್ನುತ್ತದೆ. ಕೊಯ್ದ ತುದಿಯಲ್ಲಿ ನಕ್ಷತ್ರದಂತೆ ಬಿರುಕು ಬಿಟ್ಟಿರಬೇಕು. ನಾನು ಯುಗಾದಿ ಕಳೆದ ಮೇಲೆ ಸಾಮಿಲ್ಲಿನಿಂದ ತರಿಸಿ, ಬೇಸಿಗೆಯೆಲ್ಲ ಬಿಸಿಲಿಗೆ ಬಿಟ್ಟು, ಮಳೆಗಾಲಕ್ಕೆ ಮುಂಚೆ ಸಜ್ಜದ ಕೆಳಗೆ ಇಟ್ಟಿಗೆಗಳ ಮೇಲೆ ಪೇರಿಸುತ್ತೇನೆ. ಹೊತ್ತಿಸಲು ತೆಂಗಿನ ಗರಿ, ಕಾವಿಗೆ ಕರಟ. ಸೌದೆ ಎಳೆಯುವ ಮುನ್ನ ಕೋಲಿನಿಂದ ಒಮ್ಮೆ ಸರಿಸಿ ನೋಡಿ, ಸಂದಿಯಲ್ಲಿ ಚೇಳು ಇರುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್, ಹಾಲಿನ ಪ್ಯಾಕೆಟ್ಟು ಒಲೆಗೆ ಹಾಕಬೇಡಿ. ಕಣಗಿಲೆ ಕಡ್ಡಿಯೂ ಬೇಡ, ಅದರ ಹೊಗೆಯೂ ವಿಷ.

ಚಳಿಗಾಲದ ಬೆಳಗ್ಗೆ ಗಾಳಿ ನಿಂತು ಹೊಗೆ ಬೀದಿಯ ಮಟ್ಟದಲ್ಲೇ ತೇಲುತ್ತದೆ. ಎದುರು ಮನೆಯಲ್ಲಿ ಉಬ್ಬಸದ ಹಿರಿಯರಿದ್ದಾರೆ. ಅದಕ್ಕಾಗಿ ಸಣ್ಣ ಸೀಳುಗಳನ್ನೇ ಹಾಕಿ, ಜೋರು ಉರಿಯಲ್ಲಿ ಮುಕ್ಕಾಲು ಗಂಟೆಗೆ ನೀರು ಕಾಯಿಸಿ ಮುಗಿಸುತ್ತೇನೆ. ಹೊಗೆಯಾಡುವ ಬೆಂಕಿಗಿಂತ ಉರಿಯುವ ಬೆಂಕಿ ನೆರೆಯವರಿಗೆ ಎಷ್ಟೋ ಹಗುರ. ಮಳೆಗಾಲದಲ್ಲಿ ಸೌದೆ ನೆನೆದುಹೋದ ವರ್ಷ ನಾನು ಒಲೆಯ ಆಸೆ ಬಿಟ್ಟುಬಿಡುತ್ತೇನೆ.

ಒಲೆಯ ಮುಂದೆ ಸೆರಗು ಸಿಕ್ಕಿಸಿಕೊಳ್ಳಿ. ನೈಲಾನ್ ಸೀರೆ, ನೈಟಿ ಬೇಡ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಬದುಕಿರುತ್ತದೆ. ಕಬ್ಬಿಣದ ಬಕೆಟ್ಟಿಗೆ ತುಂಬಿ, ನೀರು ಚಿಮುಕಿಸಿ, ಎರಡು ದಿನ ಬಿಟ್ಟು ಕರಿಬೇವಿನ ಬುಡಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಬಿಸಿ ಬೂದಿಯನ್ನು ಕಸದ ಆಟೋಗೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಕೈಹಾಕುವವರು ಪೌರಕಾರ್ಮಿಕರು ಎಂಬುದನ್ನು ದಯವಿಟ್ಟು ನೆನಪಿಡಿ.

ಮಹಡಿಯ ಗೀಸರ್

ಆರು ವರ್ಷದ ಹಿಂದೆ, ಜನವರಿಯ ಒಂದು ಭಾನುವಾರ, ಆಗ ಮಹಡಿಯಲ್ಲಿದ್ದ ಸಂಸಾರದ ಹುಡುಗ ಸ್ನಾನಕ್ಕೆ ಹೋದ. ಏಳನೆಯ ತರಗತಿಯ ಮಗು. ಸ್ವಲ್ಪ ಹೊತ್ತಿಗೆ ಅವನ ತಾಯಿ ಮೆಟ್ಟಿಲಿನಿಂದಲೇ ಕೂಗಿದರು: "ಆಂಟಿ, ಬಾಗಿಲು ತೆಗೆಯುತ್ತಿಲ್ಲ. ಕೂಗಿದರೂ ಓಗೊಡುತ್ತಿಲ್ಲ." ಒಳಗೆ ನೀರಿನ ಸದ್ದು ಬರುತ್ತಿತ್ತು. ಗೀಸರ್ ಭುಸ್ಸೆಂದು ಉರಿಯುತ್ತಿತ್ತು. ಯಜಮಾನರು ಹಾರೆ ಹಾಕಿ ಚಿಲಕ ಎಬ್ಬಿಸಿದರು. ಹುಡುಗ ಗೋಡೆಗೆ ಒರಗಿ ಜಾರಿ ಕೂತಿದ್ದ, ಕೈಯಲ್ಲಿ ಚೊಂಬು ಇನ್ನೂ ಹಾಗೆಯೇ ಇತ್ತು. ಎತ್ತಿ ತಾರಸಿಯ ಗಾಳಿಗೆ ತಂದು ಮಲಗಿಸಿದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಎರಡು ದಿನಕ್ಕೆ ಮನೆಗೆ ಬಂದ. ಈಗ ಕಾಲೇಜಿನಲ್ಲಿದ್ದಾನೆ, ಹಬ್ಬಕ್ಕೆ ಬಂದು ಮಾತಾಡಿಸಿಕೊಂಡು ಹೋಗುತ್ತಾನೆ.

ಚಳಿ, ಸೊಳ್ಳೆ ಎರಡೂ ಬರುತ್ತವೆಂದು ಆ ತಾಯಿ ವಾರದ ಹಿಂದೆ ಬಚ್ಚಲಿನ ಗವಾಕ್ಷಿಗೆ ಥರ್ಮಕೋಲ್ ಹೊಂದಿಸಿದ್ದರು. ಗೀಸರನ್ನು ಬಚ್ಚಲೊಳಗೇ ಗೋಡೆಗೆ ತೂಗುಹಾಕಿದವರು ಅಳವಡಿಸಲು ಬಂದಿದ್ದವರು. ಅದಕ್ಕೆ ಒಪ್ಪಿದ್ದು ಮನೆಯ ಮಾಲೀಕಳಾದ ನಾನು. ಸೌದೆ ಒಲೆಯ ಮೂಗನ್ನು ಪ್ರತಿ ವರ್ಷ ಉಜ್ಜುವವಳಿಗೆ ಗೀಸರಿಗೂ ಒಂದು ಮೂಗು ಬೇಕೆಂದು ಹೊಳೆಯಲಿಲ್ಲ. ಆ ನೋವು ಇಂದಿಗೂ ಹೋಗಿಲ್ಲ.

ಗಾಳಿ ಸಾಲದೆ ಉರಿಯುವ ಗ್ಯಾಸು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಬರುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಸಿಲಿಂಡರಿನ ಗ್ಯಾಸಿಗೆ ಸೋರಿಕೆ ತಿಳಿಯಲೆಂದು ಬೆರೆಸಿರುವ ಕೆಟ್ಟ ವಾಸನೆ ಈ ವಿಷಯದಲ್ಲಿ ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಇಲ್ಲಿ ಗ್ಯಾಸು ಸೋರಿಲ್ಲ, ಉರಿದಿದೆ.

ಮರುವಾರವೇ ಗೀಸರನ್ನು ಹೊರಗಿನ ತೆರೆದ ಬಾಲ್ಕನಿಗೆ ಸಾಗಿಸಿದೆವು. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲೊಳಗೆ ಇದ್ದರೆ ಈ ಚಳಿಗಾಲ ಮಾಡಬೇಕಾದ ಮೊದಲ ಕೆಲಸ ಅದೇ. ಪ್ಲಂಬರ್ ಬರುವವರೆಗೆ ಹೀಗೆ ಮಾಡಿ: ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ನಿಲ್ಲಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಹೋಗಿ. ಗೀಸರ್ ಉರಿಯುತ್ತಿರುವಾಗ ಷವರ್ ಕೆಳಗೆ ನಿಲ್ಲಬೇಡಿ. ಗವಾಕ್ಷಿಗೆ ಸೊಳ್ಳೆಪರದೆಯ ಬಲೆ ಸಾಕು, ರಟ್ಟು ಬೇಡ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ನಾನು ಬಾಡಿಗೆಯವರ ಮಲಗುವ ಕೋಣೆಯ ಹೊರಗೆ ಒಂದು ಹಾಕಿಸಿದ್ದೇನೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಕೂಗಿಸಿ ನೋಡಬೇಕು. ಅದರ ಆಯಸ್ಸು ಹಿಂಬದಿಯಲ್ಲಿ ಅಚ್ಚಾಗಿರುತ್ತದೆ.

ಇನ್ನು ನೀವೇ ಮಾಡಬಹುದಾದ ಕೆಲಸಗಳು. ಕತ್ತಲಿರುವಾಗ ಗೀಸರಿನ ಕಿಂಡಿಯಲ್ಲಿ ಜ್ವಾಲೆ ನೋಡಿ. ಶಂಖಪುಷ್ಪದಂಥ ನೀಲಿ ಇರಬೇಕು. ಹಳದಿ ನಾಲಗೆ ಕಂಡರೆ, ಮೇಲಿನ ತಗಡಿಗೆ ಮಸಿ ಹತ್ತಿದ್ದರೆ, ಅಂದೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿ. ಬರ್ನರ್ ಬಿಚ್ಚುವುದು, ತಾಮ್ರದ ರೆಕ್ಕೆಗಳ ಮಸಿ ತೆಗೆಯುವುದು ಅವರ ಕೆಲಸ. ನಮ್ಮ ಮೆಕ್ಯಾನಿಕ್ ಪ್ರತಿ ನವೆಂಬರಿನಲ್ಲಿ ಬರುತ್ತಾರೆ. ಬಂದವರು ಮೊದಲು ಕೇಳುವುದು, "ಅಮ್ಮಾ, ನೀರು ಕಾವೇರಿಯದೋ ಬೋರಿನದೋ?" ಬೋರ್ ನೀರಾದರೆ ಕೊಳವೆಯೊಳಗೆ ಹಕ್ಕಳೆ ಕಟ್ಟಿ ನೀರಿನ ರಭಸ ತಗ್ಗುತ್ತದೆ; ನಿಂಬೆ ಉಪ್ಪಿನ ನೀರು ಹರಿಸಿ ಅದನ್ನು ಕರಗಿಸುತ್ತಾರೆ.

ಗೀಸರ್ ಹೊತ್ತಿಕೊಳ್ಳದಿದ್ದರೆ ಎರಡು ಕಾರಣಗಳನ್ನು ಮೊದಲು ನೋಡಿ. 'ಟಿಕ್ ಟಿಕ್' ಸದ್ದು ಇಲ್ಲದಿದ್ದರೆ ಅಥವಾ ನಿಧಾನವಾಗಿದ್ದರೆ ಬ್ಯಾಟರಿ ಮುಗಿದಿದೆ. ಎರಡು ಬ್ಯಾಟರಿಗಳನ್ನೂ ಒಟ್ಟಿಗೆ ಬದಲಿಸಿ. ನೀರಿನ ರಭಸ ಕಡಿಮೆಯಾಗಿದ್ದರೆ, ನೀರು ಒಳಬರುವ ಕಡೆಯ ನಟ್ ಬಿಚ್ಚಿದರೆ ಒಂದು ಚಿಕ್ಕ ಜಾಲರಿ ಸಿಗುತ್ತದೆ. ಮೊದಲು ವಾಲ್ವ್ ಮುಚ್ಚಿ, ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಮತ್ತೆ ಕೂರಿಸಿ. ಹತ್ತರಲ್ಲಿ ಏಳು ಸಲ ನಮ್ಮ ಮನೆಯಲ್ಲಿ ಮರಳಿನ ಕಣವೇ ಅಪರಾಧಿ.

ಕಿತ್ತಳೆ ಬಣ್ಣದ ಗ್ಯಾಸ್ ಕೊಳವೆಯ ಆಯಸ್ಸು 5 ವರ್ಷ, ದಿನಾಂಕ ಅದರ ಮೇಲೆಯೇ ಇರುತ್ತದೆ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಹಿಡಿದು ನೋಡುವ ಅಭ್ಯಾಸ ಇನ್ನೂ ಕೆಲವರಿಗಿದೆ, ಖಂಡಿತ ಬೇಡ. ಸಿಲಿಂಡರಿನ ಕತ್ತಿನ ಪಟ್ಟಿಯೊಳಗೆ ಬರೆದ ಅಕ್ಷರವನ್ನೂ ಓದಿ. ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕಾದ ಗಡುವು ಅದು. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಪಕ್ಕದಲ್ಲಿ ವರ್ಷ ಇರುತ್ತದೆ. ಆ ಅವಧಿ ದಾಟಿದ್ದನ್ನು ವಾಪಸು ಕಳುಹಿಸಿ. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ, ಮೋರಿಯಲ್ಲಿ ನಿಲ್ಲುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಪೈಪಿನ ಸಂಪರ್ಕಕ್ಕೆ ಬದಲಾಗುವವರು ಗೀಸರಿನ ಜೆಟ್‌ಗಳನ್ನು (ಗ್ಯಾಸು ಚಿಮ್ಮುವ ಸಣ್ಣ ತೂತಿನ ತುಂಡುಗಳನ್ನು) ಬದಲಿಸದೆ ಹಚ್ಚಬಾರದು. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಬಚ್ಚಲಲ್ಲಿ ಯಾರಾದರೂ ಕುಸಿದಿದ್ದರೆ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಅವರನ್ನು ಹೊರಗೆ ಎಳೆದುಕೊಳ್ಳಿ, 108ಕ್ಕೆ ಕರೆ ಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತೆಂದು ವೈದ್ಯರಿಗೆ ಮರೆಯದೆ ಹೇಳಿ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುತ್ತಾರೆ. ಅದಾದ ಭಾನುವಾರ ಒಲೆಯ ಕೊನೆಯ ಬೂದಿ ತೆಗೆದು, ಹಂಡೆಯ ನೀರನ್ನು ಪೂರ್ತಿ ತೋಡಿ, ತಳದಲ್ಲಿ ಉಳಿದದ್ದನ್ನು ಬಟ್ಟೆಯಿಂದ ಹೀರಿಸಿ, ಬಾಯಿಗೆ ಮರದ ಮುಚ್ಚಳ ಇಡುತ್ತೇನೆ. ಕೊಳವೆಯ ತುದಿಯ ಬಲೆ ಗಟ್ಟಿಯಾಗಿದೆಯೇ ಎಂದು ಯಜಮಾನರು ತಾರಸಿಯಿಂದ ಎಳೆದು ನೋಡುತ್ತಾರೆ. ಅಳಿಲುಗಳಿಗೆಂದು ಈಗ ಸೀಬೆ ಮರದ ಕವಲಿನಲ್ಲಿ ಒಂದು ಮುರಿದ ಮಡಕೆ ಕಟ್ಟಿದ್ದೇವೆ, ಪಕ್ಕದಲ್ಲಿ ಒಂದು ಹಿಡಿ ತೆಂಗಿನ ನಾರು.